ಕುಕ್ಕರ್ ಕೂಗಿದರೆ ಮಗ ಕಿವಿ ಮುಚ್ಚುತ್ತಾನೆ

ಓದುಗರ ಪತ್ರ: ನನ್ನ ಮಗನಿಗೆ 7 ವರ್ಷ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಅಂಗಿಯ ಕಾಲರ್ ಒಳಗಿನ ಚೀಟಿ ಚುಚ್ಚುತ್ತೆ ಅಂತ ಅಳುತ್ತಾನೆ. ಮೊನ್ನೆ ಮದುವೆಯಲ್ಲಿ ವಾಲಗದ ಹತ್ತಿರ ಕೂರಿಸಿದ್ದಕ್ಕೆ ಚೀರಾಡಿ ನನ್ನ ಕೈ ಕಚ್ಚಿದ. ಓದಲು ಕೂತರೆ ಕಾಲು ಅಲ್ಲಾಡಿಸುತ್ತಲೇ ಇರುತ್ತಾನೆ. ‘ಬರೀ ಹಠ, ಎರಡು ಬಿಗಿದರೆ ಸರಿಹೋಗ್ತಾನೆ’ ಅಂತಾರೆ ಮನೆಯವರು. ನಿಜವಾ?
- ಒಬ್ಬ ತಾಯಿ, ದಾವಣಗೆರೆ

ಸಂಪಾದಕರ ಉತ್ತರ: ದಯವಿಟ್ಟು ಹೊಡೆಯಬೇಡಿ ತಾಯಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಕೇಳಿಸಿಕೊಳ್ಳೋದು ಒಂದು, ಎಚ್ಚರವಾಗಿರೋದು ಇನ್ನೊಂದು, ಸಿಟ್ಟು ತಡೆದುಕೊಳ್ಳೋದು ಮತ್ತೊಂದು ಅಂತ ನಾವು ಅಂದುಕೊಂಡಿರುತ್ತೇವೆ. ಮಿದುಳಿನಲ್ಲಿ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಕುಕ್ಕರ್ ಕೂಗಿದ ಸುದ್ದಿ ಕಿವಿಯಿಂದ ಮೇಲೆ ಹೋಗಿ, ಮಿದುಳಿನ ನಡುವೆ ಸುದ್ದಿ ಹಂಚುವ ಥಲಾಮಸ್ ಎಂಬ ಭಾಗ ದಾಟಿ, ‘ಇದು ಕುಕ್ಕರ್’ ಎಂಬ ಗುರುತಾಗುತ್ತದೆ. ಅದೇ ಸುದ್ದಿಯ ಒಂದು ಕವಲು ಮಿದುಳಿನ ಬುಡದಲ್ಲಿರುವ ನರಕೋಶಗಳ ಬಲೆಯನ್ನೂ ತಟ್ಟುತ್ತದೆ. ಯಾವ ಸದ್ದು ಅನ್ನೋದು ಆ ಬಲೆಗೆ ಬೇಕಿಲ್ಲ. ‘ಏನೋ ಆಯ್ತು, ಏಳು’ ಅನ್ನೋದಷ್ಟೇ ಅದರ ಕೆಲಸ. 1949ರಲ್ಲಿ ಮೊರುಜ್ಜಿ ಮತ್ತು ಮಗೂನ್ ಎಂಬ ವಿಜ್ಞಾನಿಗಳು ಬೆಕ್ಕುಗಳ ಮಿದುಳಿನ ಈ ಜಾಗಕ್ಕೆ ಸಣ್ಣಗೆ ಕರೆಂಟ್ ಹಾಯಿಸಿದರು. ನಿದ್ದೆಯ ನಿಧಾನದ ಅಲೆಗಳು ಮಾಯವಾಗಿ ಎಚ್ಚರದ ಅಲೆಗಳು ಶುರುವಾದವು.

ಅಲ್ಲೇ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಗಂಟಿದೆ. ಆ ಹೆಸರಿನ ಅರ್ಥ ನೀಲಿ ಜಾಗ. ಅದರ ಎಳೆಗಳು ಮಿದುಳಿನ ಹೆಚ್ಚುಕಡಿಮೆ ಎಲ್ಲ ಕಡೆ ಹರಡಿಕೊಂಡು ನಾರ್‌ಅಡ್ರಿನಲಿನ್ ಎಂಬ ಎಚ್ಚರಿಸುವ ರಾಸಾಯನಿಕ ಒಸರುತ್ತವೆ. ಅದು ಕಡಿಮೆಯಾದರೆ ತೂಕಡಿಕೆ. ಹದವಾಗಿದ್ದರೆ ಹಣೆಯ ಹಿಂದಿನ ಭಾಗ, ಅಂದರೆ ‘ತಡಿ, ಯೋಚಿಸು’ ಅನ್ನುವ ಭಾಗ, ಚುರುಕಾಗಿರುತ್ತದೆ. ಜಾಸ್ತಿಯಾದರೆ ಅದೇ ಭಾಗ ಮಂಕಾಗುತ್ತದೆ. ಆ ಭಾಗ ಪೂರ್ತಿ ಬಲಿಯೋದಕ್ಕೆ ಇಪ್ಪತ್ತು ವರ್ಷ ದಾಟಬೇಕು. ನಿಮ್ಮ ಮಗನಿಗಿನ್ನೂ ಏಳು.

ಆ ಮದುವೆಮನೆಯನ್ನು ಅವನ ಎತ್ತರದಲ್ಲಿ ನಿಂತು ನೋಡಿ. ಡೋಲು ಕಿವಿಯ ಪಕ್ಕದಲ್ಲೇ. ಮೈಗೆ ಒರಟು ಜರಿ ಅಂಗಿ. ಬಂದವರೆಲ್ಲ ಕೆನ್ನೆ ಹಿಂಡುತ್ತಾರೆ. ಎಲ್ಲವೂ ಸೇರಿ ಒಂದೇ ಸಮನೆ ‘ಏಳು, ಏಳು’ ಅನ್ನುತ್ತಿವೆ. ‘ಸುಮ್ನಿರು’ ಎಂದು ನೀವು ಗದರುವ ಹೊತ್ತಿಗೆ, ಸುಮ್ಮನಿರಿಸಬೇಕಾದ ಭಾಗವೇ ಕೈಕೊಟ್ಟಿರುತ್ತದೆ. ಆಗ ಬೀಳುವ ಏಟು ಇನ್ನೊಂದು ಅಪಾಯದ ಸುದ್ದಿ, ಅಷ್ಟೇ.

ಕಾಲು ಅಲ್ಲಾಡಿಸೋದು ಬಹುಶಃ ಇದರ ತಿರುಗುಮುರುಗು. ಎಚ್ಚರ ಇಳಿಯುತ್ತಿದೆ, ಅವನು ಅದನ್ನು ಎತ್ತುತ್ತಿದ್ದಾನೆ. ಮಧ್ಯಾಹ್ನ ಊಟವಾದ ಮೇಲೆ ಪ್ರೂಫ್ ತಿದ್ದುವಾಗ ನನ್ನ ಕಾಲೂ ಹಾಗೇ ಕುಣಿಯುತ್ತದೆ. ತೊಟ್ಟಿಲು ತೂಗಿದ್ದೀರಲ್ವಾ? ನಿಧಾನವಾಗಿ, ಒಂದೇ ಲಯದಲ್ಲಿ ತೂಗಿದರೆ ಮಗು ಮಲಗುತ್ತದೆ. ತೊಟ್ಟಿಲು ಗಕ್ಕನೆ ಎಳೆದರೆ ಕಣ್ಣು ಬಿಡುತ್ತದೆ. ಎರಡೂ ಸಲ ಚಲನೆ ಗುರುತಿಸೋದು ಒಳಗಿವಿಯ ಅದೇ ಅಂಗ. ಲಯ ಬದಲಾದರೆ ಫಲವೂ ಬದಲಾಗುತ್ತದೆ. ಓದುವಾಗ ಅವನ ಕಾಲನ್ನು ಹಿಡಿದು ನಿಲ್ಲಿಸಬೇಡಿ.

ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ) ಇಂಥ ಮಕ್ಕಳ ಜೊತೆ ಕೆಲಸ ಮಾಡಿ, 1972ರಲ್ಲಿ ತಮ್ಮ ವಿಚಾರಗಳನ್ನು ಪುಸ್ತಕ ಮಾಡಿದರು. ಆ ವಿಚಾರಗಳ ಮೇಲೆ ಕೊಡುವ ಚಿಕಿತ್ಸೆಯಿಂದ ಎಷ್ಟು ಉಪಯೋಗ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸದ್ದು, ಸ್ಪರ್ಶದ ಈ ಕಿರಿಕಿರಿಯನ್ನೇ ಒಂದು ಪ್ರತ್ಯೇಕ ಕಾಯಿಲೆ ಎಂದು ಹೆಸರಿಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಕ್ಕಳಲ್ಲಿ ಇಂಥ ಕಿರಿಕಿರಿ ಜಾಸ್ತಿ ಕಾಣುತ್ತದೆ, ಏನೂ ಇಲ್ಲದ ಮಕ್ಕಳಲ್ಲೂ ಇರುತ್ತದೆ. ಪತ್ರ ಓದಿ ನಾನು ಹೆಸರಿಡುವುದು ತಪ್ಪು. ಶಾಲೆಯಲ್ಲೂ ಕಷ್ಟಪಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಅಲ್ಲಿಯವರೆಗೆ, ಕುಕ್ಕರ್ ಇಡುವಾಗ ‘ಈಗ ಕೂಗುತ್ತೆ ಕಣೋ’ ಅಂತ ಮೊದಲೇ ಹೇಳಿ. ಛತ್ರದಲ್ಲಿ ಬಾಗಿಲ ಹತ್ತಿರ ಕೂತುಕೊಳ್ಳಿ. ರೇಗಿದಾಗ ಹೊರಗೆ ಕರೆದುಕೊಂಡು ಹೋಗಿ. ಅವನಿಗೆ ಇಷ್ಟವಾದರೆ ಗಟ್ಟಿಯಾಗಿ ತಬ್ಬಿಕೊಳ್ಳಿ. ನೀವೂ ಉಸಿರನ್ನು ಉದ್ದಕ್ಕೆ ಬಿಡಿ, ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಬುದ್ಧಿಮಾತು ಸಂಜೆಗಿರಲಿ.

ಕಾಲರ್‌ನ ಚೀಟಿ ಮಾತ್ರ ಇವತ್ತೇ ತೆಗೆಯಿರಿ. ಕತ್ತರಿ ಹಾಕಬೇಡಿ, ಉಳಿದ ಅಂಚು ಇನ್ನೂ ಚುಚ್ಚುತ್ತದೆ. ಹೊಲಿಗೆಯನ್ನೇ ಬಿಚ್ಚಿ.