ಮೀಟರ್ ಇಲ್ಲದ ದೋಣಿಯಲ್ಲಿ ವಿಕಿರಣದ ಲೆಕ್ಕ

ಪ್ರಶ್ನೆ: 1954ರಲ್ಲಿ ಜಪಾನಿನ ಒಂದು ಮೀನುಗಾರಿಕೆ ದೋಣಿ ಮೇಲೆ ಬಾಂಬಿನ ಬೂದಿ ಬಿತ್ತಂತೆ. ಅದರಲ್ಲಿ ವಿಕಿರಣ ಅಳೆಯೋ ಮೀಟರೇ ಇರಲಿಲ್ಲ. ಮತ್ತೆ ಯಾರಿಗೆ ಎಷ್ಟು ವಿಕಿರಣ ತಾಗಿತು ಅಂತ ಹೇಗೆ ಹೇಳಿದರು, ಸುಮ್ನೆ ಅಂದಾಜಾ? ಆ ದೋಣಿ ಏನಾಯ್ತು?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅಂದಾಜೇ. ಆದರೆ ಸುಮ್ನೆ ಅಲ್ಲ.

ದೋಣಿಯ ಹೆಸರು ಡೈಗೊ ಫುಕುರ್ಯು ಮಾರು, ಒಳಗೆ 23 ಜನ. ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಜಲಜನಕ ಬಾಂಬ್ ಲೆಕ್ಕ ಮೀರಿ 15 ಮೆಗಾಟನ್ (ಒಂದೂವರೆ ಕೋಟಿ ಟನ್ ಟಿಎನ್‌ಟಿ ಸ್ಫೋಟಕದಷ್ಟು) ಆಯ್ತು. ಕೆಲವೇ ಗಂಟೆಗಳಲ್ಲಿ ಹವಳದ ಬಿಳಿ ಪುಡಿ ಡೆಕ್ ಮೇಲೆ, ತಲೆಗೂದಲ ಮೇಲೆ ಉದುರಿತು. ದೋಣಿ ಯಾಯಿಜು ಬಂದರಿಗೆ ಬಂದದ್ದು 14ಕ್ಕೆ. ಮೀಟರ್ ಹಿಡಿದದ್ದು ಆಮೇಲೆ.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಇಂಥ ಬೂದಿಗೆ ಒಂದು ಅಂದಾಜು ಸೂತ್ರ ಇದೆ: ಸಿಡಿದ ಮೇಲಿನ ಸಮಯ 7 ಪಟ್ಟು ಆದಾಗ ವಿಕಿರಣದ ತೀವ್ರತೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತೆ. 3 ಗಂಟೆಗೆ 100 ಇದ್ದದ್ದು 21 ಗಂಟೆಗೆ 10, ಆರು ದಿನಕ್ಕೆ 1. ಅಂದರೆ ಬಂದರಿನಲ್ಲಿ ಮೀಟರ್ 1 ತೋರಿಸಿದರೆ, ಬೂದಿ ಬೀಳುವಾಗ ಅದು 200ಕ್ಕೂ ಜಾಸ್ತಿ!

ತೊಡಕು ಇಲ್ಲಿದೆ ನೋಡಿ. ದೀಪಾವಳಿ ಮಾರನೇ ದಿನ ನಿಮ್ಮ ರಸ್ತೆಯ ಪಟಾಕಿ ಕಾಗದ ನೋಡಿ ಎಷ್ಟು ಸರ ಹಚ್ಚಿದ್ದರು ಅಂತ ಹೇಳಬಹುದು, ಅಲ್ವಾ? ಪೌರಕಾರ್ಮಿಕರು ಬೆಳಿಗ್ಗೇನೇ ಗುಡಿಸಿಬಿಟ್ಟಿದ್ದರೆ ಲೆಕ್ಕ ತಪ್ಪುತ್ತೆ. ಚರಂಡಿ ಮೂಲೆಯ ರಾಶಿ ಮಾತ್ರ ನೋಡಿದರೂ ತಪ್ಪುತ್ತೆ. ಇಲ್ಲೂ ಹಾಗೇ. ಡೆಕ್ಕನ್ನು ನೀರು ಹಾಕಿ ತೊಳೆದಿದ್ದರು, ಹಗ್ಗದ ಎಳೆಗಳಲ್ಲಿ ಮಾತ್ರ ಪುಡಿ ಕೂತೇ ಇತ್ತು. ಅದಕ್ಕೇ ಎಲ್ಲಿ ಎಷ್ಟು ಅಂತ ಜಾಗ ಜಾಗದಲ್ಲಿ ಅಳೆದು, ಯಾರು ಎಷ್ಟು ಹೊತ್ತು ಡೆಕ್ ಮೇಲಿದ್ದರು, ಯಾರು ಎಲ್ಲಿ ಮಲಗುತ್ತಿದ್ದರು ಅನ್ನೋದನ್ನೂ ಕೂಡಿಸಬೇಕಾಗುತ್ತೆ. ಉಸಿರಿನ ಜೊತೆ, ಊಟದ ಜೊತೆ ಒಳಗೆ ಹೋದದ್ದು ಬೇರೆ ಲೆಕ್ಕ, ಅದೇ ಹೆಚ್ಚು ಕಷ್ಟ. ಕೊನೆಗೆ ರಕ್ತ ಪರೀಕ್ಷೆ: ಬಿಳಿ ರಕ್ತಕಣ ಎಷ್ಟು ಕುಸಿದಿದೆ ಅನ್ನೋದೂ ಒಂದು ಸಾಕ್ಷಿ.

ಇಷ್ಟೆಲ್ಲ ಆದಮೇಲೂ ಸಿಕ್ಕಿದ್ದು ಹೆಚ್ಚೂ ಕಡಿಮೆ 2ರಿಂದ 6 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ) ಅನ್ನೋ ಅಗಲವಾದ ಅಂದಾಜು. ಚಿಕಿತ್ಸೆ ಇಲ್ಲದಿದ್ದರೆ 4 ಗ್ರೇ ಆಸುಪಾಸಿನಲ್ಲೇ ಅರ್ಧ ಜನ ಉಳಿಯುವುದಿಲ್ಲ. ದೋಣಿಯ ರೇಡಿಯೋ ಆಪರೇಟರ್ ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಇಂಥ ಲೆಕ್ಕದಲ್ಲಿ ದಶಾಂಶ ಬಿಂದುವಿನವರೆಗೆ ಖಚಿತವಾಗಿ ಹೇಳುವವರನ್ನು ನಾನಂತೂ ನಂಬಲ್ಲ.

ದೋಣಿನಾ? ಟೋಕಿಯೊದ ಯುಮೆನೊಶಿಮಾದಲ್ಲಿ ಒಂದು ಕಟ್ಟಡದೊಳಗೆ ನಿಲ್ಲಿಸಿದ್ದಾರೆ. ಈಗ ಹೋಗಿ ನೋಡಬಹುದು.