ದರ ಹೇಳಲಾಗದ ದಾಕ್ಷಿಣ್ಯ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ವಯಸ್ಸು 29. ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷ ವೆಬ್ ವಿನ್ಯಾಸದ ಕೆಲಸ ಮಾಡಿದ್ದ ಅವರು, ತಂದೆಯ ಅನಾರೋಗ್ಯದ ಕಾರಣ ದಾವಣಗೆರೆಗೆ ಮರಳಿ, ಮನೆಯ ಮಹಡಿಯ ಕೋಣೆಯಲ್ಲಿ ಸ್ವಂತ ಉದ್ಯಮ ಆರಂಭಿಸಿದ್ದರು. ನನ್ನ ಬಳಿ ಬಂದಾಗ ಅದಕ್ಕೆ ಏಳು ತಿಂಗಳು ತುಂಬಿತ್ತು. ಹಣ ಕೊಟ್ಟ ಗ್ರಾಹಕರು ಒಬ್ಬರೂ ಇರಲಿಲ್ಲ.

ಅವರು ಬಂದದ್ದು ನಿದ್ರೆ ಬರುತ್ತಿಲ್ಲವೆಂದು. ಊಟ, ತೂಕ, ಆಸಕ್ತಿ, ಬದುಕಿನ ಬಗೆಗಿನ ಭಾವನೆ, ತನಗೆ ಹಾನಿ ಮಾಡಿಕೊಳ್ಳುವ ಯೋಚನೆ ಇವೆಲ್ಲವನ್ನೂ ವಿಚಾರಿಸಿದೆ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಆತಂಕವಿತ್ತು, ಅದಕ್ಕೆ ಸ್ಪಷ್ಟ ಕಾರಣವೂ ಇತ್ತು. ಹಾಗಿದ್ದರೂ ರಾತ್ರಿ ತೀರಾ ಸಂಕಟವಾದರೆ ಕರೆ ಮಾಡಲೆಂದು, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

ಏಳು ತಿಂಗಳು ಏನು ಮಾಡಿದಿರಿ ಎಂದು ಕೇಳಿದಾಗ ಸುಮಾ ಲ್ಯಾಪ್‌ಟಾಪ್ ತೆರೆದು ತಮ್ಮ ಉದ್ಯಮದ ಜಾಲತಾಣವನ್ನು ತೋರಿಸಿದರು. ಅದು ಅವರ ನಾಲ್ಕನೆಯ ವಿನ್ಯಾಸ. ಹಿಂದಿನ ಮೂರನ್ನು ಮುಗಿಸಿ, ಮನಸ್ಸಿಗೆ ಒಪ್ಪದೆ ಅಳಿಸಿದ್ದರು. ಹಳೆಯ ಕಂಪನಿಯಲ್ಲಿ ಮಾಡಿದ ಕೆಲಸವನ್ನು ಒಪ್ಪಂದದ ಪ್ರಕಾರ ತೋರಿಸುವಂತಿರಲಿಲ್ಲವಾದ್ದರಿಂದ, ಇಲ್ಲದ ಹೋಟೆಲು ಮತ್ತು ಇಲ್ಲದ ಬಟ್ಟೆ ಅಂಗಡಿಯ ಹೆಸರಿನಲ್ಲಿ ಮಾದರಿ ಪುಟಗಳನ್ನು ಮಾಡಿ ಹಾಕಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ತಂದೆ ಅದನ್ನು ನೋಡಿ "ಇದ್ರಾಗೆ ನಂಗೆ ಓದೋಕೆ ಏನೈತವ್ವಾ?" ಎಂದು ಕೇಳಿದ್ದರಂತೆ. ಆ ಮಾತನ್ನು ಹೇಳುವಾಗ ಸುಮಾ ಕಣ್ಣು ತಗ್ಗಿಸಿದರು.

ಗೂಗಲ್ ಜಾಹೀರಾತಿಗೆ 22,000 ರೂಪಾಯಿ ಸುರಿದಿದ್ದರು. ರಾಜ್ಯಕ್ಕೆಲ್ಲ ತೋರುವಂತೆ, ವೆಬ್ ವಿನ್ಯಾಸ ಎಂಬ ವಿಶಾಲವಾದ ಪದಗಳಿಗೆ ಹಾಕಿದ್ದರಿಂದ, ವೆಬ್ ವಿನ್ಯಾಸದ ಕೋರ್ಸ್ ಹುಡುಕುವ ವಿದ್ಯಾರ್ಥಿಗಳೂ ಕೆಲಸ ಹುಡುಕುವವರೂ ಒತ್ತಿದ ಕ್ಲಿಕ್‌ಗಳಿಗೂ ಹಣ ತೆತ್ತಿದ್ದರು. ಕರೆ ಮಾಡಿದವರಲ್ಲಿ ನಾಲ್ವರು ಮಾತ್ರ ನಿಜವಾಗಿ ಜಾಲತಾಣ ಬೇಕಾದವರು. ಆ ನಾಲ್ವರೂ ಏಕೆ ಕೈತಪ್ಪಿದರೆಂದು ಕೇಳಿದೆ. "ರೇಟ್ ಕೇಳಿದ್ರು ಮೇಡಂ, ಆಮೇಲೆ ಹೇಳ್ತೀನಿ ಅಂದೆ" ಎಂದರು. ಆ 'ಆಮೇಲೆ' ಒಬ್ಬರ ವಿಷಯದಲ್ಲಿಯೂ ಬಂದಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಾನೇ ಗ್ರಾಹಕಳಾಗಿ ಕುಳಿತೆ. ನನಗೆ ಐದು ಪುಟಗಳ ಜಾಲತಾಣ ಬೇಕು, ಎಷ್ಟಾಗುತ್ತದೆ ಎಂದು ಕೇಳಿದೆ. ಸುಮಾ ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ, "ನಿಮಗೆ ಎಷ್ಟು ಅನುಕೂಲವೋ ಅಷ್ಟು ಕೊಡಿ ಮೇಡಂ" ಎಂದುಬಿಟ್ಟರು. ಅದೇ ಉಸಿರಿನಲ್ಲಿ ಚಿಕ್ಕಪ್ಪನ ಮಗನ ವಿಷಯ ಹೊರಬಂತು. ಅವನ ಟ್ಯೂಷನ್ ಕೇಂದ್ರಕ್ಕೆ ಮೊದಲ ತಿಂಗಳಲ್ಲಿಯೇ ಪುಕ್ಕಟೆಯಾಗಿ ಜಾಲತಾಣ ಮಾಡಿಕೊಟ್ಟು, 14 ಬಾರಿ ತಿದ್ದಿಕೊಟ್ಟು, ಒಮ್ಮೆ ಮಾತ್ರ ಡೊಮೇನ್, ಅಂದರೆ ಜಾಲತಾಣದ ವಿಳಾಸದ, ಶುಲ್ಕವನ್ನಾದರೂ ಕೊಡು ಎಂದಿದ್ದಕ್ಕೆ, "ಮನೆಯವರ ಹತ್ರಾನೂ ವ್ಯಾಪಾರ ಮಾಡ್ತೀಯೇನೆ?" ಎಂದು ಚಿಕ್ಕಮ್ಮನಿಂದ ಫೋನು ಬಂದಿತ್ತು. ಅಂದಿನಿಂದ ದರದ ಮಾತು ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಮಾರಾಟದ ಕೌಶಲ ಕಡಿಮೆಯೆಂದು ನಾನು ಮೊದಲು ಭಾವಿಸಿದ್ದು ತಪ್ಪಾಗಿತ್ತು. ಜಾಲತಾಣವನ್ನು ಮೂರು ಬಾರಿ ಕೆಡವಿ ಕಟ್ಟಿದ್ದು, ಮುಖ ಪರಿಚಯವಿಲ್ಲದವರಿಗೆ ಜಾಹೀರಾತು ಹಾಕಿದ್ದು, ಜಿಎಸ್‌ಟಿ ನೋಂದಣಿಯಾದ ಮೇಲೆ ಕೆಲಸ ಹಿಡಿಯುತ್ತೇನೆ ಎಂದು ಕಾದದ್ದು, ಎಲ್ಲವೂ ಊರಿನ ಒಬ್ಬ ವ್ಯಾಪಾರಿಯ ಎದುರು ಕುಳಿತು ಒಂದು ಮೊತ್ತವನ್ನು ಬಾಯಿಬಿಟ್ಟು ಹೇಳುವ ಗಳಿಗೆಯನ್ನು ಮುಂದೂಡುವ ದಾರಿಗಳಾಗಿದ್ದವು. ದಾಕ್ಷಿಣ್ಯವನ್ನು ನಮ್ಮಲ್ಲಿ ಗುಣವೆಂದೇ ಕಲಿಸುತ್ತೇವೆ, ಹೆಣ್ಣುಮಕ್ಕಳಿಗಂತೂ ಇನ್ನೂ ಹೆಚ್ಚಾಗಿ. ಅದಕ್ಕಾಗಿ ಸುಮಾ ಅವರನ್ನು ದೂರುವ ಮನಸ್ಸು ನನಗಿರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ದರವನ್ನು ನಾಲಿಗೆಯಿಂದ ಕಾಗದಕ್ಕೆ ಇಳಿಸುವುದು. ಕನ್ನಡದಲ್ಲಿ ಒಂದು ಪುಟದ ದರಪಟ್ಟಿಯನ್ನು ಇಬ್ಬರೂ ಕೂತು ಬರೆದೆವು. ಐದು ಪುಟಗಳಿಗೆ 18,000 ರೂಪಾಯಿ. ಅರ್ಧ ಮುಂಗಡ, ಉಳಿದದ್ದು ಜಾಲತಾಣ ತೆರೆಯುವ ಮುನ್ನ. ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಬೇರೆ ಹಣ. ಚಿತ್ರ ಮತ್ತು ವಿವರ ಒದಗಿಸುವುದು ಗ್ರಾಹಕರ ಹೊಣೆ. ಡೊಮೇನ್ ಗ್ರಾಹಕರ ಹೆಸರಿನಲ್ಲಿಯೇ ನೋಂದಣಿ. ಈ ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಹಾಕಲು ಹೇಳಿದೆ. ಹಿಂದಿನ ವಿನ್ಯಾಸಕಾರ ತನ್ನ ಹೆಸರಿನಲ್ಲಿಯೇ ಡೊಮೇನ್ ಇಟ್ಟುಕೊಂಡು, ಆಮೇಲೆ ಫೋನಿಗೂ ಸಿಗದೆ ಹೋದದ್ದರಿಂದ ತಮ್ಮ ಜಾಲತಾಣವನ್ನೇ ಕಳೆದುಕೊಂಡ ಅಂಗಡಿಯವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ಮಟ್ಟಿಗೆ ಯಾವ ಜಾಹೀರಾತಿಗಿಂತಲೂ ಈ ಒಂದು ಸಾಲು ದೊಡ್ಡದು. ಯಾರಾದರೂ ಚೌಕಾಸಿ ಮಾಡಿದರೆ ದರವನ್ನು ಮಾತ್ರ ಇಳಿಸಬಾರದು, ಪುಟವನ್ನೂ ಇಳಿಸಬೇಕು ಎಂದು ಒಪ್ಪಿಕೊಂಡೆವು. ಮೊತ್ತವನ್ನು ಹೇಳಿದ ಮೇಲೆ ಸುಮ್ಮನಿರುವುದನ್ನು ನನ್ನ ಕೋಣೆಯಲ್ಲಿಯೇ ಹಲವು ಬಾರಿ ಅಭ್ಯಾಸ ಮಾಡಿದರು. ಅದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಜಾಹೀರಾತನ್ನು ಮೂರು ತಿಂಗಳು ನಿಲ್ಲಿಸಲು ಹೇಳಿದೆ. ಅದರ ಬದಲು, ಗೂಗಲ್ ಹುಡುಕಾಟದಲ್ಲಿಯೂ ನಕ್ಷೆಯಲ್ಲಿಯೂ ಉದ್ಯಮದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯುವುದು, ಅದಕ್ಕೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲಷ್ಟೇ ನಡೆಯುವ ಉದ್ಯಮಕ್ಕೆ ಅದು ಸಿಗುವುದಿಲ್ಲ, ಆದರೆ ಸುಮಾ ಗ್ರಾಹಕರ ಅಂಗಡಿಗೇ ಹೋಗಿ ಮಾತನಾಡುವವರಾದ್ದರಿಂದ ಅರ್ಹರು. ಮನೆಯ ವಿಳಾಸವನ್ನು ಮರೆಮಾಡಿ ಸೇವೆ ನೀಡುವ ಪ್ರದೇಶವನ್ನು ಮಾತ್ರ ತೋರಿಸಬಹುದು ಎಂಬುದನ್ನು ತಿಳಿದಾಗ ಅವರಿಗೆ ಸಮಾಧಾನವಾಯಿತು, ಏಕೆಂದರೆ ಅಪರಿಚಿತರು ಮನೆಗೆ ಬರುತ್ತಾರೆಂಬ ಭಯಕ್ಕೇ ಅದನ್ನು ತೆರೆದಿರಲಿಲ್ಲ.

ಜಿಎಸ್‌ಟಿ ವಿಷಯ ಬೇಗ ಮುಗಿಯಿತು. ಸೇವಾ ಉದ್ಯಮದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾತ್ರ ಮಾಡಿಸಿಕೊಳ್ಳಿ ಎಂದೆ. ಸರ್ಕಾರಿ ತಾಣದಲ್ಲಿ ಅದಕ್ಕೆ ಹಣವಿಲ್ಲ, ಮಧ್ಯವರ್ತಿಗಳು ಮಾತ್ರ ಕೇಳುತ್ತಾರೆ. ನೋಂದಾಯಿತ ಸಣ್ಣ ಉದ್ಯಮಕ್ಕೆ ಬಾಕಿ ಹಣ ಹೆಚ್ಚೆಂದರೆ 45 ದಿನಗಳೊಳಗೆ ಸಲ್ಲಬೇಕೆಂದು ಸಣ್ಣ ಉದ್ಯಮಗಳ ಕುರಿತ 2006ರ ಕಾಯ್ದೆ ಹೇಳುತ್ತದೆ. ಹಣ ಕೇಳುವುದೇ ತಪ್ಪೆಂದು ಅಂಜುವವರಿಗೆ, ಕಾನೂನು ತಮ್ಮ ಪಕ್ಕದಲ್ಲಿದೆ ಎಂಬ ತಿಳಿವಳಿಕೆಯೂ ಒಂದು ಚಿಕಿತ್ಸೆಯೇ.

ಇನ್ನೊಂದು ಸಲಹೆ ಸುಮಾ ಅವರೇ ಕಂಡುಕೊಂಡದ್ದು. ಮೊದಲ ಗ್ರಾಹಕರು ಯಾರಾಗಬಹುದೆಂದು ಪಟ್ಟಿ ಮಾಡುವಾಗ, ತಂದೆಯ ಪರಿಚಯದ ಮಂಡಕ್ಕಿ ಭಟ್ಟಿಯ ಮಾಲೀಕರ ಹೆಸರು ಬಂತು. ಅವರ ಸರಕಿನ ವಿವರವೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪಾಗಿತ್ತು. ಅದನ್ನು ಹಾಗೆಯೇ ಜಾಲತಾಣಕ್ಕೆ ಹಾಕಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅದನ್ನು ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ, ಒತ್ತಕ್ಷರಗಳನ್ನು ತಿದ್ದಿ, ಓದುವಂತೆ ಜೋಡಿಸುವುದು ಸುಮಾ ಅವರಿಗೆ ಕರಗತ. ಅದನ್ನು ಹೇಳುವಾಗ ಅವರ ದನಿ ಮೊದಲ ಬಾರಿಗೆ ಏರಿತು. ಕನ್ನಡ ಜಾಲತಾಣ ಮಾಡಿಕೊಡುತ್ತೇವೆ ಎಂಬುದನ್ನೇ ತಮ್ಮ ಪುಟದ ತಲೆಯಲ್ಲಿ ಹಾಕಿಕೊಳ್ಳಿ ಎಂದೆ.

ಭಟ್ಟಿಯ ಮಾಲೀಕರು ದರಪಟ್ಟಿ ನೋಡಿ 12,000 ಎಂದರಂತೆ. ಸುಮಾ ಸುಮ್ಮನಿದ್ದರು, ನಂತರ ಮೂರು ಪುಟವಾದರೆ ಆಗುತ್ತದೆ ಎಂದರು. ಅವರು ಯೋಚಿಸಿ, ಐದೂ ಇರಲಿ ಎಂದು 9,000 ರೂಪಾಯಿ ಮುಂಗಡ ಎಣಿಸಿದರು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಿತ್ರವನ್ನು ಸುಮಾ ಬೆಳಗಿನ ಐದು ಗಂಟೆಗೆ ಹೋಗಿ ತಾವೇ ತೆಗೆದರು. ಇಲ್ಲದ ಹೋಟೆಲಿನ ಮಾದರಿ ಪುಟ ಇದ್ದ ಜಾಗದಲ್ಲಿ ಈಗ ಆ ಚಿತ್ರವಿದೆ. ಅದನ್ನು ನೋಡಿ ಐದು ತಿಂಗಳಲ್ಲಿ ಇನ್ನಿಬ್ಬರು ಬಂದರು. ಸಂಬಳದ ದಿನಗಳ ಆದಾಯಕ್ಕೆ ಇದು ಇನ್ನೂ ಸಮವಲ್ಲ, ಹಾಗಾಗಿ ವಾರಕ್ಕೆ ಎರಡು ದಿನ ಹೊರಗುತ್ತಿಗೆಯ ಕೆಲಸವನ್ನೂ ಇಟ್ಟುಕೊಂಡಿದ್ದಾರೆ.

ಕಳೆದ ಭೇಟಿಯಲ್ಲಿ ಚಿಕ್ಕಪ್ಪನ ಮಗ ಹೊಸ ಪುಟವೊಂದನ್ನು ಸೇರಿಸಲು ಕೇಳಿದ್ದನ್ನು ತಿಳಿಸಿದರು. ಉತ್ತರವಾಗಿ ದರಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಎರಡು ದಿನವಾದರೂ ಅವನು ಏನೂ ಹೇಳಿರಲಿಲ್ಲ, ಚಿಕ್ಕಮ್ಮನ ಫೋನೂ ಬಂದಿರಲಿಲ್ಲ. ಆ ಎರಡು ರಾತ್ರಿ ನಿದ್ರೆ ಬಂತೇ ಎಂದು ಕೇಳಿದೆ. ಮೊದಲ ರಾತ್ರಿ ಬರಲಿಲ್ಲ, ಎರಡನೆಯ ರಾತ್ರಿ ಬಂತು ಎಂದರು. ಮುಂದಿನ ಭೇಟಿಯನ್ನು ಆರು ವಾರಗಳ ನಂತರಕ್ಕೆ ಇಟ್ಟುಕೊಂಡೆವು.