ಜಪಾನಿನ ಶಾಲೆಯಲ್ಲಿ ಸಸ್ಯಾಹಾರಿ ಮೇಷ್ಟ್ರ ಊಟ

ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೋದರೆ ಸಸ್ಯಾಹಾರಿಗೆ ಮಧ್ಯಾಹ್ನದ ಊಟ ಸಿಗುತ್ತಾ ಅಂತ ಕೇಳಿದ್ದೀರಿ. ಡಬ್ಬಿ ಕಟ್ಟಿಕೊಂಡು ಹೋಗಿ, ಅದೇ ವಾಸಿ.

ಶಾಲೆಯ ಊಟಕ್ಕೆ ಅಲ್ಲಿ ಕ್ಯೂಶೊಕು ಅಂತಾರೆ. ಬಿಳಿ ಅಂಗಿ, ಟೋಪಿ ಹಾಕಿಕೊಂಡು ಮಕ್ಕಳೇ ಬಡಿಸುತ್ತಾರೆ. ಅನ್ನ, ಹಾಲು ಸರಿ. ಆದರೆ ಬರೀ ತೋಫು (ಸೋಯಾ ಪನೀರ್) ತೇಲುವಂತೆ ಕಾಣುವ ಮಿಸೊ (ಹುದುಗಿಸಿದ ಸೋಯಾ) ಸಾರಿಗೂ ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರು, ದಾಶಿ, ಬಿದ್ದಿರುತ್ತದೆ. ಮೊದಲ ವಾರ ಬಟ್ಟಲುಗಟ್ಟಲೆ ಕುಡಿದ ಮೇಲೆ ನನಗೆ ಗೊತ್ತಾಯಿತು! ಸೇರುವ ಮೊದಲೇ ಶಾಲೆಗೆ ಹೇಳಿಬಿಡಿ.

ಡಬ್ಬಿ ಇದ್ದರೂ ಸ್ಟಾಫ್ ರೂಮಿನಲ್ಲಿ ಸುಮ್ನೆ ಕೂರಬೇಡಿ, ತರಗತಿಯಲ್ಲಿ ಮಕ್ಕಳ ಜೊತೆಗೇ ತಿನ್ನಿ. ನನ್ನ ಚಿತ್ರಾನ್ನದ ಹಳದಿ ಬಣ್ಣ ನೋಡಿ "ಕರೀ?" ಅಂತ ಕೇಳುತ್ತಿದ್ದರು. ಆಮೇಲೆ ಮಕ್ಕಳು ಕಸ ಗುಡಿಸುವಾಗ ನೀವೂ ಒಂದು ಪೊರಕೆ ಹಿಡಿಯಿರಿ.

ಹಾಂ, ಶಾಲೆಯೊಳಗೆ ಹಾಕಲು ಬೇರೆ ಶೂ ಬೇಕು. ಪಾದ ದೊಡ್ಡದಿದ್ದರೆ ಊರಿಂದಲೇ ತನ್ನಿ.